ಗೋಲ್‌ಕೀಪರ್‌ನ ಕೈಗವಸು ತೊಟ್ಟ ದಿನ

ವೃತ್ತಿಪರ ಫುಟ್‌ಬಾಲ್ ಬಿಡುವ ಎರಡು ವರ್ಷ ಮೊದಲು ನಾನು ಬೆಂಗಳೂರಿನ ಒಂದು ಮಹಿಳಾ ಕ್ಲಬ್ಬಿನ ನಾಯಕಿಯಾಗಿದ್ದೆ. ನನ್ನದು ಸೆಂಟರ್ ಬ್ಯಾಕ್ ಜಾಗ, ಅಂದರೆ ಗೋಲಿನ ಮುಂದೆ ನಿಂತು ಎದುರಾಳಿಗಳನ್ನು ತಡೆಯುವ ಕೆಲಸ. ನನ್ನ ಬೆನ್ನ ಹಿಂದೆ ಗೋಲ್‌ಕೀಪರ್ ರಮ್ಯಾ ಇರುತ್ತಿದ್ದಳು. ವೈಯಾಲಿಕಾವಲ್‌ನ ಹುಡುಗಿ, ನನಗಿಂತ ಹತ್ತು ವರ್ಷ ಚಿಕ್ಕವಳು. ಅಭ್ಯಾಸ ಮುಗಿಸಿ ಇಬ್ಬರೂ ಸಂಪಿಗೆ ರಸ್ತೆಯವರೆಗೆ ಜೊತೆಯಲ್ಲೇ ನಡೆಯುತ್ತಿದ್ದೆವು.

ಅದು ಲೀಗಿನ ಕೊನೆಯ ಪಂದ್ಯ. ಸೋತರೆ ಕೆಳಗಿನ ಡಿವಿಷನ್ನಿಗೆ ಇಳಿಯಬೇಕಿತ್ತು. ರಾಷ್ಟ್ರೀಯ ಶಿಬಿರಕ್ಕೆ ಆಟಗಾರ್ತಿಯರನ್ನು ಆರಿಸುವವರೂ ಅಂದು ಬಂದು ಕೂತಿದ್ದರು. ಅವರು ಬಂದಿದ್ದೇ ರಮ್ಯಾಳನ್ನು ನೋಡಲು.

ದ್ವಿತೀಯಾರ್ಧದಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಮೈದಾನದ ಮೂಲೆಯಿಂದ ಒದ್ದ ಕಾರ್ನರ್ ಚೆಂಡನ್ನು ಗುದ್ದಲು ಹಾರಿದ ರಮ್ಯಾಳ ತಲೆ ಗೋಲ್‌ಕಂಬಕ್ಕೆ ಬಡಿಯಿತು. ಫಿಸಿಯೋ ಓಡಿ ಬಂದು ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರಿಸಿ ಎದ್ದು ನಿಂತಳು. ಆಟ ಮುಂದುವರಿಯಿತು. ಸ್ವಲ್ಪ ಹೊತ್ತಿಗೆ ಚೆಂಡು ಹೊರಹೋದಾಗ ನನ್ನನ್ನು ಮೆಲ್ಲನೆ ಕರೆದಳು.

“ಅಕ್ಕಾ, ನಾವು ಯಾವ ಕಡೆ ಗೋಲ್ ಹೊಡೀಬೇಕು?”

ಪೆಟ್ಟಿನಿಂದ ಮೆದುಳು ಅಲುಗಿ ಹೀಗೆ ಗೊಂದಲವಾಗುವುದನ್ನು ಕನ್‌ಕಷನ್ ಎನ್ನುತ್ತಾರೆ. ಅದರ ಮೇಲೆ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಅಪಾಯ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಹೇಳ್ಬೇಡಿ ಅಕ್ಕಾ, ನಿಮ್ ಕಾಲಿಗ್ ಬೀಳ್ತೀನಿ. ಅವ್ರು ನೋಡ್ತಿದಾರೆ.”

ನಾನು ನೇರವಾಗಿ ರೆಫರಿ ಬಳಿ ಹೋಗಿ, “ಮೇಡಂ, ಆಟ ನಿಲ್ಸಿ. ಇವಳು ಆಡೋ ಸ್ಥಿತೀಲಿಲ್ಲ” ಎಂದೆ.

ಬದಲಿ ಆಟಗಾರ್ತಿಯರನ್ನೆಲ್ಲ ಅಷ್ಟರಲ್ಲಾಗಲೇ ಇಳಿಸಿಯಾಗಿತ್ತು. ರಮ್ಯಾಳನ್ನು ಸ್ಟ್ರೆಚರ್ ಮೇಲೆ ಹೊತ್ತೊಯ್ದರು. ಅವಳ ಕೈಗವಸು ತೊಟ್ಟು ನಾನೇ ಗೋಲಿಗೆ ನಿಂತೆ. ಒಬ್ಬಳು ಕಡಿಮೆಯಾಗಿದ್ದರಿಂದ ಉಳಿದವರು ಏದುಸಿರು ಬಿಡುತ್ತಾ ಓಡಿದರು. ಆದರೂ ಎರಡು ಗೋಲು ಬಿದ್ದವು. ನಾವು ಕೆಳಗಿಳಿದೆವು.

ಸ್ಕ್ಯಾನ್‌ನಲ್ಲಿ ತಲೆಯೊಳಗೆ ಸಣ್ಣ ರಕ್ತಸ್ರಾವ ಕಂಡಿತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಆದರೆ ಶಿಬಿರ ತಪ್ಪಿತು. ನಾನು ಆಸ್ಪತ್ರೆಗೆ ಹೋದಾಗ ರಮ್ಯಾ, “ನೀವ್ ಸುಮ್ನಿದ್ದಿದ್ರೆ ಸಾಕಾಗಿತ್ತು” ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಕಣ್ಣೊರೆಸಿಕೊಳ್ಳುತ್ತಾ ಹೊರಬಂದ ನನ್ನ ಕೈಯನ್ನು ಅವಳ ತಾಯಿ ಹಿಡಿದುಕೊಂಡರು.

“ಬೈದ್ರೆ ಬೈಸ್ಕೊಳಮ್ಮ. ಬೈಯೋಕೆ ಅವಳಿದಾಳಲ್ಲ, ಅಷ್ಟು ಸಾಕು.”

ಬಹಳ ತಿಂಗಳು ಅವಳು ನನ್ನ ಫೋನ್ ಎತ್ತಲಿಲ್ಲ. ಎದುರಾಳಿಗೆ ಅಡ್ಡ ನಿಲ್ಲುವುದನ್ನು ನನಗೆ ಕೋಚ್‌ಗಳು ಕಲಿಸಿದ್ದರು. ನಮ್ಮವರಿಗೇ ಅಡ್ಡ ನಿಂತು, ಅವರ ಸಿಟ್ಟನ್ನೂ ಹೊರುವುದು ನಾಯಕಿಯ ಕೆಲಸದಲ್ಲಿ ಸೇರಿದೆ ಎಂದು ಆ ತಿಂಗಳುಗಳಲ್ಲಿ ಅರ್ಥವಾಯಿತು.

ವೈದ್ಯರು ಒಪ್ಪಿದ ಮೇಲೆ, ಮುಂದಿನ ಋತುವಿನ ಅಭ್ಯಾಸಕ್ಕೆ ರಮ್ಯಾ ಬಂದಳು. ನನ್ನೊಡನೆ ಮಾತಿಲ್ಲ. ಮೊದಲ ಕಾರ್ನರ್ ಬಂದಾಗ ನಾನು ಚೆಂಡನ್ನು ತಲೆಯಿಂದ ಹೊಡೆಯಲು ಹಾರುವವಳಿದ್ದೆ. ಅಷ್ಟರಲ್ಲಿ ಹಿಂದಿನಿಂದ ಗಟ್ಟಿಯಾಗಿ ಕೂಗು ಕೇಳಿತು: “ಅಕ್ಕಾ, ಬಿಡಿ! ನಂದು!”

ನಾನು ಬಗ್ಗಿದೆ. ಚೆಂಡು ಅವಳ ಕೈ ಸೇರಿತು.