ಪುಸ್ತಕ ಬಂತೇನ್ರಿ, ಅಕ್ಕಾರ?

ಪುಣೆಯ ಒಂದು ಸಂಶೋಧನಾ ಸಂಸ್ಥೆಯ ಪ್ರಕಟಣಾ ವಿಭಾಗದಲ್ಲಿ ನಾನು ತುಂಬ ವರ್ಷ ಕೆಲಸ ಮಾಡಿದೆ. ವಿಭಾಗ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಒಂದು ಕೋಣೆ, ಒಂದು ಕಂಪ್ಯೂಟರು, ಮತ್ತು ನಾನು. ಎಂ.ಎ. ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಒಳ್ಳೆಯವನ್ನು ಆರಿಸಿ ಇಂಗ್ಲಿಷಿನಲ್ಲಿ ಪುಸ್ತಕ ಮಾಡುವುದು, ಕರಡು ತಿದ್ದುವುದು, ಪ್ರೆಸ್ಸಿಗೆ ಓಡಾಡುವುದು ಎಲ್ಲ ನನ್ನದೇ. ತೊಂಬತ್ತರ ದಶಕದ ಕೊನೆಗೆ ಎಲ್ಲರ ಬಾಯಲ್ಲೂ ಸುಸ್ಥಿರ ಅಭಿವೃದ್ಧಿ. ನಾಳೆಗೂ ಉಳಿಯುವಂತೆ ಇವತ್ತು ಬಳಸಬೇಕು ಅನ್ನುವ ನಮ್ಮ ಅಜ್ಜಿಯರ ಅಡುಗೆಮನೆಯ ಬುದ್ಧಿಗೆ ಅಷ್ಟು ಭಾರದ ಹೆಸರು ಯಾಕೆ ಬೇಕಿತ್ತೋ, ನನಗಂತೂ ಗೊತ್ತಿಲ್ಲ. ಆ ವರ್ಷದ ಪುಸ್ತಕವೂ ಅದರ ಮೇಲೆಯೇ. ಹುಡುಗರು ಬರೆದದ್ದರಲ್ಲಿ ಮುಕ್ಕಾಲು ಪಾಲು ಲೈಬ್ರರಿಯಲ್ಲಿ ಕೂತು ಹೊಸೆದದ್ದು.

ಅವರಲ್ಲಿ ಒಬ್ಬ ಹುಡುಗಿಯದು ಮಾತ್ರ ಹಾಗಿರಲಿಲ್ಲ. ಅವಳ ಮನೆಯವರು ಬಾಗಲಕೋಟೆ ಕಡೆಯಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ನಾನು ಧಾರವಾಡದವಳು ಎಂದು ಗೊತ್ತಾದ ದಿನದಿಂದ ಅವಳಿಗೆ ನಾನು ‘ಅಕ್ಕಾರ’. ಭೋರ್‌ವರೆಗೆ ಬಸ್ಸು, ಅಲ್ಲಿಂದ ಗುಡ್ಡ ಹತ್ತಿ ಒಂದು ಹಳ್ಳಿಗೆ ಹೋಗಿ, ಹೆಂಗಸರು ಬೇಸಿಗೆಯಲ್ಲಿ ಒರತೆಯ ನೀರನ್ನು ಹೇಗೆ ಹಂಚಿಕೊಳ್ಳುತ್ತಾರೆ ಎಂದು ನೋಡಿ ಬರೆದಿದ್ದಳು. ಬಾಣಂತಿ ಇರುವ ಮನೆಯ ಕೊಡ ಮೊದಲು ತುಂಬಬೇಕು. ಮದುವೆಮನೆಗೆ ಉಳಿದವರೆಲ್ಲ ತಮ್ಮ ಸರದಿಯಲ್ಲಿ ಒಂದು ಕೊಡ ಬಿಟ್ಟುಕೊಡಬೇಕು. ಊರಿಗೆ ನಳ ಬಂದು ಆ ಕಟ್ಟಳೆ ಹೋಯಿತು. ಆಮೇಲೆ ನಳ ಒಣಗಿ ಎಲ್ಲರೂ ಒರತೆಗೆ ವಾಪಸು ಬಂದರು, ಆದರೆ ಕಟ್ಟಳೆ ವಾಪಸು ಬರಲಿಲ್ಲ. ಅದನ್ನು ತಿದ್ದುತ್ತಾ ನಾನು ಕೆಂಪು ಪೆನ್ನು ಕೆಳಗಿಟ್ಟು ಓದಿದ್ದೆ. ಅಷ್ಟು ಚೆನ್ನಾಗಿತ್ತು.

ಅಷ್ಟರಲ್ಲಿ ಅವಳಿಗೆ ಗಂಡು ಗೊತ್ತಾಯಿತು. ತಳೇಗಾಂವದ ಕಾರ್ಖಾನೆಯೊಂದರಲ್ಲಿ ಅಕೌಂಟ್ಸ್ ನೋಡುವ ಹುಡುಗ, ಬಿ.ಕಾಂ. ನಮ್ಮವರ ಪದ್ಧತಿ ನಿಮಗೆ ಗೊತ್ತೇ ಇದೆ. ಹುಡುಗಿ ಹುಡುಗನಿಗಿಂತ ಹೆಚ್ಚು ಓದಿರಬಾರದು.

“ಅಪ್ಪಾ ಗಂಡಿನವರ ಮನ್ಯಾಗ ನಾ ಬರೇ ಬಿ.ಎ. ಅಂತ ಹೇಳ್ಯಾರ್ರಿ, ಅಕ್ಕಾರ,” ಎಂದಳು. “ಹಳ್ಳಿಗೆ ಹೋಗಿ ಇರ್ತಿದ್ದೆ ಅನ್ನೂದಂತೂ ಬಾಯಿ ಬಿಡಬಾರದಂತ.”

“ಎಷ್ಟ ದಿನಾ ಮುಚ್ಚಿಡತೀಯವಾ?”

“ಬುಕ್ ಬರೂತನಾ ಅಷ್ಟ. ಅಚ್ಚಾದದ್ದು ಅವರ ಕೈಯಾಗ ಇಟ್ಟು, ಇದನ್ನ ನಾನ ಬರದದ್ದು ಅಂತೀನಿ. ಅಚ್ಚಾದದ್ದು ನೋಡಿದ್ರ ಸಿಟ್ಟು ಬರೂದಕಿಂತ ಮೊದಲ ಖುಷಿ ಆಗ್ತದ. ಆವಾಗ ಪಿಎಚ್.ಡಿ. ಮಾಡ್ಲೇನು ಅಂತ ಕೇಳ್ತೀನಿ.”

ಎಷ್ಟು ಸಲೀಸಾಗಿ ಹೇಳಿದಳೆಂದರೆ ನಾನೂ ನಂಬಿದೆ. ಪುಸ್ತಕ ಮಾಡುವವಳು, ಪುಸ್ತಕದ ಮೇಲೆ ನಂಬಿಕೆ ಇಡದಿದ್ದರೆ ಹೇಗೆ?

ಮದುವೆಗೆ ಹೋಗಿದ್ದೆ. ಮರಾಠಿಯವರ ನಡುವೆ ಇದ್ದೂ ಇದ್ದೂ ನಮ್ಮವರಲ್ಲೂ ಬೇರೂರಿದ ಪದ್ಧತಿಯೊಂದಿದೆ, ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸುವುದು. ತಾಟಿನಲ್ಲಿ ಅಕ್ಕಿ ಹರಡಿಟ್ಟರು, ವರ ಉಂಗುರದಿಂದ ಅದರ ಮೇಲೆ ಅವಳ ಹೊಸ ಹೆಸರು ಬರೆದ. ಎಲ್ಲರೂ ಪೇಢೆ ತಿಂದರು. ಕರಡಿನಲ್ಲೂ ಹೆಸರು ಬದಲಿಸಲೇನೆಂದು ಆಮೇಲೆ ಮೆಲ್ಲಗೆ ಕೇಳಿದೆ.

“ಬ್ಯಾಡ್ರಿ. ಬರದಾಕಿ ಆ ಮೊದಲಿನಾಕಿನ. ಆಕಿ ಹೆಸರ ಇರ್ಲಿ,” ಎಂದಳು.

ಹಾಳೆಗಳೆಲ್ಲ ಸಿದ್ಧವಿದ್ದವು. ಮುನ್ನುಡಿ ಒಂದು ಬಾಕಿ. ಮುಖ್ಯಸ್ಥರ ಮುನ್ನುಡಿಯಿಲ್ಲದೆ ನಮ್ಮಲ್ಲಿ ಯಾವ ಪುಸ್ತಕವೂ ಪ್ರೆಸ್ಸಿಗೆ ಹೋಗುವಂತಿರಲಿಲ್ಲ, ಮುಖ್ಯಸ್ಥರಿಗೋ ಪರದೇಶದ ಸಮ್ಮೇಳನಗಳಿಂದ ಪುರಸೊತ್ತಿಲ್ಲ. ಅವರ ಕೋಣೆಗೆ ಹೋಗಿ ಹೋಗಿ ನನ್ನ ಚಪ್ಪಲಿ ಸವೆಯಿತು. ಅವಳು ತಳೇಗಾಂವದ ಟೆಲಿಫೋನ್ ಬೂತಿನಿಂದ, ತರಕಾರಿ ತರಲು ಹೊರಬಿದ್ದಾಗ, ಫೋನ್ ಮಾಡುತ್ತಿದ್ದಳು. ಹಿಂದೆ ಲಾರಿಗಳ ಸದ್ದು.

“ಬಂತೇನ್ರಿ, ಅಕ್ಕಾರ?”

“ಇನ್ನೂ ಇಲ್ಲವಾ.”

“ಇರ್ಲಿ ಬಿಡ್ರಿ, ಬರ್ತದ,” ಎಂದು ನನಗೇ ಸಮಾಧಾನ ಹೇಳುತ್ತಿದ್ದಳು.

ಮುನ್ನುಡಿ ಬಂತು, ಒಂದೂವರೆ ಪುಟ. ಪುಸ್ತಕ ಅಚ್ಚಾಯಿತು. ಆದರೆ ಬಿಡುಗಡೆಯಾಗದೆ ಒಂದು ಪ್ರತಿಯನ್ನೂ ಹೊರಗೆ ಕೊಡುವಂತಿಲ್ಲ, ಬಿಡುಗಡೆಗೆ ದೊಡ್ಡ ಅತಿಥಿಯೇ ಆಗಬೇಕು, ಆ ಅತಿಥಿಗೆ ದಿನ ಕೂಡಿಬರಬೇಕು. ಕಟ್ಟುಗಳು ಉಗ್ರಾಣದಲ್ಲಿ ಬಿದ್ದಿದ್ದವು. ದೂಳು ಒರೆಸುತ್ತಾ ನಾನು ಹಲ್ಲು ಕಡಿಯುತ್ತಿದ್ದೆ. ಒಳಗಿರುವುದೆಲ್ಲ ನೀರು, ಕಾಡು, ನಾಳಿನ ಮಕ್ಕಳು. ಬರೆದ ಮಕ್ಕಳ ಗತಿ ಮಾತ್ರ ಯಾರಿಗೂ ಬೇಡ. ಅವಳ ಫೋನು ಅಪರೂಪವಾಯಿತು. ಆಮೇಲೆ ನಿಂತೇಹೋಯಿತು.

ಹೊಸ ಶತಮಾನ ಶುರುವಾದ ಮೇಲೆ ಒಂದು ದಿನ ಅತಿಥಿ ಬಂದು, ಉಳಿತಾಯದ ಬಗ್ಗೆ ಉದ್ದುದ್ದ ಮಾತಾಡಿ ಹೋದರು. ಮರುದಿನವೇ ರಜೆ ಹಾಕಿ, ಅವಳ ಅಪ್ಪನ ಅಂಗಡಿಯಲ್ಲಿ ವಿಳಾಸ ಕೇಳಿಕೊಂಡು ತಳೇಗಾಂವದ ಲೋಕಲ್ ರೈಲು ಹತ್ತಿದೆ. ಸಂತೋಷವಾಗಿತ್ತು ನನಗೆ. ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ.

ಬಾಗಿಲು ತೆಗೆದವಳ ಕಂಕುಳಲ್ಲಿ ಕೂಸು. ನನ್ನನ್ನು ನೋಡಿ ಮುಖವೆಲ್ಲ ನಗುವಾಯಿತು. ಅತ್ತೆ ಒಳ್ಳೆಯ ಹೆಂಗಸು. “ಬರ್ರಿ, ಬರ್ರಿ, ಈಕಡೆ ಗಾಳಿಗೆ ಕೂಡ್ರಿ,” ಎಂದು ತಾವೇ ಚಹಾ ತಂದರು. ಇಷ್ಟು ವರ್ಷದಲ್ಲಿ ಎಲ್ಲ ಹೇಳಿಕೊಂಡಿರುತ್ತಾಳೆ ಎಂದುಕೊಂಡೇ ನಾನು ಪುಸ್ತಕ ಹೊರತೆಗೆದೆ. ಅವಳು ಕೂಸನ್ನು ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. ತನ್ನ ಪುಟ ಸಿಕ್ಕಿತು. ಅಲ್ಲೇ ನಿಂತಳು.

“ಇಂಗ್ಲಿಷ್ ಏನದು? ನಮಗೆಲ್ಲಿ ತಿಳಿಬೇಕು,” ಎಂದರು ಅತ್ತೆ. “ಯಾರ್ ಬರದದ್ದು?”

ನಾನು ಅವಳ ಮುಖ ನೋಡಿದೆ. ಅವಳು ನನ್ನನ್ನು ನೋಡಲಿಲ್ಲ.

“ನನ್ನ ಗೆಳತಿ ಒಬ್ಬಾಕಿ ಇದ್ಲರಿ, ಅತ್ತೀ. ಕಾಲೇಜಿನಾಗ.”

“ಹೌದ? ಭಾಳ ಶಾಣ್ಯಾಕಿ ಇರಬೇಕು. ಈಗ ಎಲ್ಲಿದ್ದಾಳ?”

“ಗೊತ್ತಿಲ್ರಿ. ಮದುವಿ ಆತು. ಆಮ್ಯಾಲ ಭೆಟ್ಟಿನ ಆಗಿಲ್ಲ.”

ಚಹಾದ ಕಪ್ಪು ಕೆಳಗಿಟ್ಟೆ. ಕಣ್ಣು ತುಂಬಿಬಂತು, ಕೂಸನ್ನು ಎತ್ತಿಕೊಳ್ಳುವ ನೆವದಲ್ಲಿ ಬಗ್ಗಿದೆ. ಹೊರಡುವಾಗ ಅವಳು ಗೇಟಿನವರೆಗೆ ಬಂದಳು. ಸೆರಗಿನಡಿ ಹಿಡಿದಿದ್ದ ಪುಸ್ತಕವನ್ನು ನನ್ನ ಚೀಲಕ್ಕೆ ಸೇರಿಸಿದಳು.

“ಇದು ನಿಂದವಾ,” ಎಂದೆ. ಸಿಟ್ಟೇ ಬಂದಿತ್ತು. “ಟ್ರಂಕಿನ ತಳದಾಗರ ಇಟ್ಕೋ. ಯಾರ್ ಓದ್ತಾರ?”

ಅವಳು ಚೀಲದ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿ ಹಿಡಿದಳು.

“ಇವರಿಗೆ ಇಂಗ್ಲಿಷ್ ಓದಾಕ ಬರ್ತದ್ರಿ, ಅಕ್ಕಾರ. ನನ್ನ ಹೆಸರೂ ಇನ್ನೂ ನೆನಪದ ಅವರಿಗೆ.”