ತುಳಜಪ್ಪನ ಕಾಲಿನ ಮೇಲಿನ ಗೆರೆ

ತುಳಜಪ್ಪ ತಾಂಡೂರಿನ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಕೊಯ್ಯುವವನು. ಅವನ ಪಕ್ಕದಲ್ಲೇ ಉಳಿ ಹಿಡಿದವನು ನಾನು, ಮಾಣಿಕ. ಹದಿನೆಂಟರ ವಯಸ್ಸಿನಲ್ಲಿ ಚಪ್ಪಡಿ ಬಿದ್ದು ಅವನ ಎಡಗಾಲಿನ ಎಲುಬು ಮುರಿದಿತ್ತು. ಎಲುಬೇನೋ ಕೂಡಿತು, ಮೊಣಕಾಲ ಕೆಳಗೆ ಉಳಿದ ತೂತು ಮಾತ್ರ ಮೂವತ್ತು ವರ್ಷ ಕೀವು ಸೋರಿತು. ಆಗಾಗ ಅದರೊಳಗಿಂದ ಎಲುಬಿನ ಚೂರು ಬರುತ್ತಿತ್ತು. ಈ ಮಹಾಶಯ ಅವನ್ನು ತೊಳೆದು, ಮೂಗಿಗೇರಿಸುವ ತಪಕೀರಿನ ಡಬ್ಬಿಯಲ್ಲಿಟ್ಟುಕೊಂಡು, ಕಂಡಕಂಡವರಿಗೆಲ್ಲ ತೋರಿಸುವವನು.

ಹೆಂಡತಿ ಸಾಯಮ್ಮ ದಿನಾ ಬೇವಿನ ನೀರಿನಿಂದ ತೊಳೆಯುತ್ತಿದ್ದಳು. ತೂತು ತುಂಬಿದರೆ ಐವರು ಜಂಗಮರಿಗೆ ಹೋಳಿಗೆ ಊಟ ಹಾಕಿಸುವೆನೆಂದು ಹರಕೆ ಹೊತ್ತಿದ್ದಳು.

ನಿಜಾಮರ ಲೆಕ್ಕದ ಫಸಲಿ ಸಾವಿರದ ಮುನ್ನೂರ ನಲವತ್ತೈದರ, ಅಂದರೆ ಇಸವಿ ಸಾವಿರದ ಒಂಬೈನೂರ ಮೂವತ್ತಾರರ, ಬೇಸಿಗೆಯಲ್ಲಿ ಅದು ತುಂಬಿತು. ಕೆಂಪು ಮಾಂಸ ಉಕ್ಕಿ, ಅಂಚು ದಾಟಿ, ಹೂಕೋಸಿನಂತೆ ನಿಂತಿತು. ಸಾಯಮ್ಮ ಹಿಗ್ಗಿ ಹೋದಳು. ಜಂಗಮರು ಉಂಡರು, ನಾನೂ ನಾಚಿಕೆಯಿಲ್ಲದೆ ನಾಲ್ಕು ಹೋಳಿಗೆ ಇಳಿಸಿದೆ.

ತುಳಜಪ್ಪ ಮಾತ್ರ ಉಣ್ಣದೆ ಕಾಲನ್ನೇ ನೋಡುತ್ತಿದ್ದ. "ಮಾಯೋ ಗಾಯ ಮುಟ್ಟಿದ್ರ ರಕ್ತ ಬರ್ತದೇನೊ ಮಾಣಿಕ? ವಾಸನೀನೂ ಬ್ಯಾರೆ ಆಗ್ಯಾದ."

"ಸುಮ್ನ ಉಣ್ಣೋ" ಎಂದು ಬೈದೆ. ಆ ಮಾತು ನೆನೆದರೆ ಇವತ್ತಿಗೂ ನಾಲಿಗೆ ಕಿತ್ತುಕೊಳ್ಳುವಂತಾಗುತ್ತದೆ.

ಎರಡು ತಿಂಗಳಲ್ಲಿ ಆ ಮಾಂಸ ಅಂಗೈಯಷ್ಟಾಯಿತು. ರೈಲಿನಲ್ಲಿ ಮೂವರೂ ಹೈದರಾಬಾದಿಗೆ ಹೋದೆವು. ಡಾಕ್ಟರು ಒಂದು ಚೂರು ಚಿವುಟಿ ಪರೀಕ್ಷಿಸಿ, ಹಳೇ ಗಾಯದಲ್ಲಿ ಹುಟ್ಟಿದ ಚರ್ಮದ ಕ್ಯಾನ್ಸರು, ಕಾಲು ತೆಗೆಯದಿದ್ದರೆ ಜೀವ ಹೋಗುತ್ತದೆ ಎಂದರು. ತುಳಜಪ್ಪ ತಾನೂ ನೋಡಬೇಕೆಂದು ಹಟ ಹಿಡಿದು, ಚೂರನ್ನು ದೊಡ್ಡದಾಗಿ ತೋರಿಸುವ ಅವರ ದುರ್ಬೀನಿಗೆ ಕಣ್ಣಿಟ್ಟು ಬಹಳ ಹೊತ್ತು ಬಗ್ಗಿ ನಿಂತ.

"ತುಂಬಿದ ಗಾಯಕ್ಕ ಕಾಲ್ ಯಾಕ ಕೊಯ್ಸೂದ್ರಿ?" ಸಾಯಮ್ಮ ಅತ್ತಳು. ಕಲ್ಲನ್ನು ಒತ್ತಿ ಹಿಡಿಯುವುದೇ ಆ ಕಾಲು, ಅದಿಲ್ಲದೆ ಗಣಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆಂದು ನನಗೂ ದಿಗಿಲಾಗಿತ್ತು.

ತುಳಜಪ್ಪ ಇದ್ದಿಲು ಕೇಳಿದ. "ಫರಸ್ಯಾಗ ಸೀಳು ಕಂಡ್ರ ಎಲ್ಲಿ ಕೊಯ್ತೀವಿ ಮಾಣಿಕ?"

"ನಾಕು ಬೆರಳು ಈಚೆ, ಚಲೋ ಕಲ್ಲಿನಾಗ."

ಅವನು ಗಾಯದ ಅಂಚಿನಿಂದ ನಾಲ್ಕು ಬೆರಳು ಅಳೆದು ಗೆರೆ ಎಳೆದ. ಡಾಕ್ಟರು ಇದ್ದಿಲು ಇಸಿದುಕೊಂಡು, ಅಷ್ಟು ಸಾಲದೆಂದು ಮೊಣಕಾಲಿಗಿಂತ ಮೇಲೆ ಇನ್ನೊಂದು ಗೆರೆ ಎಳೆದರು. "ನಿಮ್ಮ ಕಲ್ಲು ನಿಮಗ ಗೊತ್ತಿರ್ತದ್ರಿ, ಹಂಗೇ ಆಗ್ಲಿ" ಎಂದ ತುಳಜಪ್ಪ.

ಕಾಲು ತೆಗೆದ ಮೇಲೆ ಗಣಿಯಲ್ಲಿ ಅವನಿಗೊಂದು ಸ್ಟೂಲು ಹಾಕಿಕೊಟ್ಟರು. ಕಲ್ಲು ಬಡಿದು, ದನಿ ಕೇಳಿ, ಒಳಗೆ ಸೀಳಿದೆಯೋ ಇಲ್ಲವೋ ಹೇಳುವ ಕೆಲಸ.

ವರ್ಷ ಕಳೆದರೂ ಮೊಂಡುಗಾಲು ಕೀವಿಲ್ಲದೆ ಒಣಗಿಯೇ ಇತ್ತು. ಸಾಯಮ್ಮ ಹೋಳಿಗೆಯ ಮಾತೆತ್ತಲು ಹೆದರುತ್ತಿದ್ದಳು. ಅವನೇ ಹೇಳಿದ: "ಹೋದ ಸಲ ತುಂಬಿದ್ದಕ್ಕ ಉಂಡ್ರಿ. ಈ ಸಲ ಹೋಗಿದ್ದಕ್ಕ ಉಣ್ಣೋಣು."

ಅವತ್ತು ಎಲ್ಲರಿಗಿಂತ ಹೆಚ್ಚು ಉಂಡವನು ಅವನೇ. ನನಗೆ ಅಳು ಬಂದು ಒಂದೂ ಇಳಿಯಲಿಲ್ಲ.