ನಾಯಿಯ ಎಡ, ನಮ್ಮ ಬಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೇಲ್ಸ್‌ನ ಬಾಲಾ ಊರಿನ ಮೇಲಿನ ಹುಲ್ಲುಗಾವಲಿನಲ್ಲಿ ನೆಸ್ಟಾ ಪ್ರೊಬರ್ಟ್ ಆಗಲೇ ಹಣೆ ಚಚ್ಚಿಕೊಳ್ಳುತ್ತಿದ್ದಾರೆ. ದೊಡ್ಡಿಯ ಬಾಗಿಲಿಗೆ ಬರಬೇಕಿದ್ದ ಕುರಿಗಳು ಬಲಗಡೆಯ ಜೌಗಿಗೆ ನುಗ್ಗಿವೆ. ತಡೆಯಬೇಕಿದ್ದ ನಾಯಿ ಸ್ಮೊಟ್, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ಒಂದು ಕುರಿಯೂ ಇಲ್ಲದ ಎಡಗಡೆ ನಿಂತಿದೆ.

"ನಾಯೀನ ಯಾಕೆ ಗುರಾಯಿಸ್ತೀಯ? ನೀನು ಬಲ ಅಂದೆ, ಅದು ಬಲಕ್ಕೆ ಹೋಯ್ತು. ಅದರ ಬಲಕ್ಕೆ. ಅದು ನಿನ್ನ ಕಡೆ ಮುಖ ಮಾಡಿ ನಿಂತಿದೆ ಮಾರಾಯ್ತಿ. ಎಷ್ಟು ಸಲ ಹೇಳ್ಲಿ?"

"ಗೊತ್ತು ನೆಸ್ಟಾ. ಬಾಯಿಗೆ ಬರೋಷ್ಟರಲ್ಲಿ ತಿರುಗಿಬಿಡುತ್ತೆ," ಎನ್ನುತ್ತಾರೆ ಕೈನ್ವೆನ್. ಚರ್ಚಿನಲ್ಲಿ ಆರ್ಗನ್ ನುಡಿಸುವ ಹೆಂಗಸು. ಎರಡು ಕೈಗೆ ಎರಡು ಕೆಲಸ ಕೊಟ್ಟು ಗೊತ್ತಿದ್ದವರು. ಅಂಥವರಿಗೇ ಎಡ-ಬಲ ತಪ್ಪುತ್ತದಲ್ಲ ಎಂಬುದೇ ನೆಸ್ಟಾಗೆ ಸಿಟ್ಟು.

ನೆಸ್ಟಾ ಕುರಿನಾಯಿಗಳನ್ನು ಪಳಗಿಸುತ್ತಾರೆ ಎಂದು ಸುತ್ತಮುತ್ತ ಎಲ್ಲರೂ ಬಲ್ಲರು. ನಾಯಿಯ ಹಿಂದೆ ನಿಲ್ಲುವ ಮನುಷ್ಯರನ್ನೂ ಅವರೇ ಪಳಗಿಸಬೇಕು ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. ಸ್ಪರ್ಧೆಯಲ್ಲಿ ಕಪ್ ನಾಯಿಗೆ, ಫೋಟೊ ಯಜಮಾನನಿಗೆ. ನೆಸ್ಟಾಗೆ ಮಂಡಿನೋವು, ಒಡೆದ ಗಂಟಲು, ಫ್ಲಾಸ್ಕಿನಲ್ಲಿ ಆರಿಹೋದ ಟೀ. "ನಾಯಿಗೆ ಒಂದು ಚಳಿಗಾಲ ಸಾಕು," ಎನ್ನುತ್ತಾರೆ. "ಮನುಷ್ಯರು ತಮ್ಮ ಮೈಯಿಂದ ಆಚೆಗೆ ಬರೋದೇ ಇಲ್ವಲ್ಲ."

ಈ ಸಲ ಕೈಚೆಲ್ಲುವಂತಿಲ್ಲ. ಕೈನ್ವೆನ್ ಅವರ ಗಂಡ ಐವರ್ ಟ್ರ್ಯಾಕ್ಟರ್‌ನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಶನಿವಾರ ಇಡೀ ಬೆಟ್ಟದ ಕುರಿಗಳನ್ನು ಉಣ್ಣೆ ಕತ್ತರಿಸಲು ಇಳಿಸಬೇಕು. ಆ ದಿನ ಮನೆಗೊಬ್ಬರು ನಾಯಿಯೊಂದಿಗೆ ಹತ್ತುವುದು ಇಲ್ಲಿನ ಕಟ್ಟುಪಾಡು. ಇಷ್ಟು ವರ್ಷ ಐವರ್ ತಮ್ಮ ಸ್ಮೊಟ್ ಜೊತೆ ಹತ್ತುತ್ತಿದ್ದರು; ಕೈನ್ವೆನ್ ಕೆಳಗೆ ಎಲ್ಲರಿಗೂ ಕುರಿಮಾಂಸದ ಸಾರು ಕಾಯಿಸುತ್ತಿದ್ದರು. ನೆರೆಯ ಟೆಕ್ವಿನ್ ಆಗಲೇ ಸ್ಮೊಟ್‌ನನ್ನು ಕೊಳ್ಳಲು ಕೇಳಿಯಾಗಿದೆ, ಅದೂ ಉಪಕಾರ ಮಾಡುವವರ ಧಾಟಿಯಲ್ಲಿ. ನಾಯಿ ಹೋದರೆ ಕುರಿ ಸಾಕುವುದೂ ಅಲ್ಲಿಗೆ ಮುಗಿಯಿತು.

"ಬಾ, ನೀನೇ ನಾಯಿ," ಎಂದು ನೆಸ್ಟಾ, ಕುರಿಗಳ ಬದಲಿಗೆ ಸಾಲಾಗಿಟ್ಟ ಹುಲ್ಲಿನ ಹೊರೆಗಳ ಆಚೆ ಕೈನ್ವೆನ್‌ರನ್ನು ನಿಲ್ಲಿಸುತ್ತಾರೆ. "ಎಡಕ್ಕೆ ಓಡು." ಕೈನ್ವೆನ್ ಬೂಟು ಕೆಸರಲ್ಲಿ ಹೂತುಕೊಂಡೇ ಓಡುತ್ತಾರೆ. ಸರಿಯಾಗಿಯೇ ಓಡುತ್ತಾರೆ. ಕುರಿಗಳನ್ನು ಜೌಗಿನಿಂದ ಹೊರಗಟ್ಟಿ, ಈಚೆ ಬಂದು ಮತ್ತೆ ನಾಯಿಯನ್ನು ಕಳಿಸಿದರೆ ಮತ್ತೆ ಅದೇ ಕಥೆ. ನೆಸ್ಟಾ ಕೋಲನ್ನು ನೆಲಕ್ಕೆ ಎಸೆಯುತ್ತಾರೆ. "ನಾಯಿಯಾಗಿ ಚೆನ್ನಾಗಿದ್ದೀಯ. ಮನುಷ್ಯಳಾಗಿ ಯಾಕೆ ಹಿಂಗೆ?"

ಕುರಿಗಳು ಪುನಃ ಜೌಗಿನತ್ತ ವಾಲುತ್ತವೆ. ಆಗ ಕೈನ್ವೆನ್ ಯಾವ ಕುರುಬನೂ ಮಾಡದ ಕೆಲಸ ಮಾಡುತ್ತಾರೆ: ಮಂದೆಗೆ ಬೆನ್ನು ತಿರುಗಿಸಿ, ನಾಯಿಯ ಮುಖ ಯಾವ ದಿಕ್ಕಿಗೋ ತಮ್ಮ ಮುಖವನ್ನೂ ಅದೇ ದಿಕ್ಕಿಗೆ ಇಟ್ಟು, ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾ "ಎಡ" ಎಂದು ಕೂಗುತ್ತಾರೆ. ಸ್ಮೊಟ್ ಜೌಗಿನ ದಡಕ್ಕೆ ಹಾರಿ ಅಡ್ಡ ನಿಲ್ಲುತ್ತದೆ. ಕುರಿಗಳು ಮುದುರಿಕೊಂಡು ಬಾಗಿಲೊಳಗೆ ಬರುತ್ತವೆ.

"ಶನಿವಾರ ಹಿಂಗೆ ನಿಂತ್ರೆ ಇಡೀ ಬೆಟ್ಟ ನಗುತ್ತೆ," ಎನ್ನುತ್ತಾರೆ ನೆಸ್ಟಾ.

"ನಗಲಿ. ಸ್ಮೊಟ್ ನಮ್ಮನೇಲೇ ಇರುತ್ತಲ್ಲ." ಕೈನ್ವೆನ್ ದೊಡ್ಡಿಯ ಬಾಗಿಲು ಹಾಕುತ್ತಾರೆ. "ನೀನು ಪಕ್ಕದಲ್ಲೇ ಇರ್ತೀಯ ತಾನೇ?"

"ಇಲ್ಲ. ನನ್ನ ನಾಯಿ ಜೊತೆ ತಮ್ಮ ಬರ್ತಾನೆ. ನಾನು ನಿಮ್ಮ ಅಡುಗೆಮನೇಲಿ ಸಾರು ತಿರುವ್ತಾ ಇರ್ತೀನಿ. ಒಂದು ವರ್ಷನಾದ್ರೂ ಬಿಸಿಬಿಸಿಯಾಗಿ ಏನಾದ್ರೂ ಕುಡೀಬೇಕು ನಾನು." ಶಿಷ್ಯೆಯನ್ನು ಬೆಟ್ಟಕ್ಕೆ ಒಬ್ಬಳೇ ಕಳಿಸುವ ಮಾತನ್ನು ನೆಸ್ಟಾ ಇದಕ್ಕಿಂತ ಸಿಹಿಯಾಗಿ ಯಾರಿಗೂ ಹೇಳಿದವರಲ್ಲ. "ಉಪ್ಪು ಎಲ್ಲಿಟ್ಟಿದ್ದೀಯ?"

"ಒಲೆಯ ಎಡಕ್ಕೆ."

"ಯಾರ ಎಡ?"

ಕೈನ್ವೆನ್ ಒಂದು ಚೂರೂ ತಡವರಿಸುವುದಿಲ್ಲ. "ನಿನ್ನದು."

ನೆಸ್ಟಾ ಫ್ಲಾಸ್ಕಿನ ತಣ್ಣನೆಯ ಟೀಯನ್ನು ಗೊಣಗದೆ ಕುಡಿಯುತ್ತಾರೆ.